ನೀರೀಸ್, ಒಂದು ನಗ

ಪ್ರಾಕ್ಟಿಕಲ್ ಪರೀಕ್ಷೆ ಮುಗೀತು. ದಾವಣಗೆರೆಯ ಪ್ರಾಣಿಶಾಸ್ತ್ರ ಲ್ಯಾಬುಗಳಲ್ಲಿ ಬಾಟಲಿಯ ನೀರೀಸ್ ಈ ವರ್ಷವೂ ಹಾಜರಿ ಹಾಕಿತು. ಕಡಲ ಹುಳು ಬಯಲುಸೀಮೆಗೆ ಬಂದು ಎಷ್ಟು ವರ್ಷವಾಯಿತೋ, ವರ್ಗಾವಣೆ ಇಲ್ಲ, ನಿವೃತ್ತಿ ಇಲ್ಲ. ಬಣ್ಣ ಹೋಗಿ ಬಿಳುಚಿದೆ, ಚೀಟಿ ಅಳಿಸಿದೆ. ಆದರೂ ಹುಡುಗರು ಬಾಗಿಲಲ್ಲೇ ಗುರುತು ಹಿಡಿಯುತ್ತಾರೆ: ಮುಚ್ಚಳ ಒಡೆದದ್ದು ನೀರೀಸ್, ಮೇಣ ಮೆತ್ತಿದ್ದು ಜಿಗಣೆ. ಡಿಎನ್‌ಎ ಪರೀಕ್ಷೆಗಿಂತ ಅಗ್ಗದ ವರ್ಗೀಕರಣ!

ಹುಡುಗರು ಚಿತ್ರ ಬರೆಯುವ ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಎಲ್ಲವೂ ಇದೆ. ನಾಲ್ಕು ಕಣ್ಣು, ಎರಡು ಕುಡಿಮೀಸೆ, ಎರಡು ದಪ್ಪ ಪಾಲ್ಪ್ ಎಂಬ ಸ್ಪರ್ಶಾಂಗ, ಬಾಯಿಯ ಖಂಡದಲ್ಲಿ ನಾಲ್ಕು ಜೊತೆ ಸಿರಸ್ ಎಂಬ ಎಳೆಗಳು. ಬಾಟಲಿಯಲ್ಲಿ ಹುಡುಕಿ ನೋಡಿ! ದವಡೆಯ ಮಾತಂತೂ ಬೇಡ. ಗಂಟಲು ಹೊರಗೆ ಚಾಚಿದರೆ ತಾನೇ ಆ ಎರಡು ಕೊಕ್ಕೆ ಕಾಣುವುದು? ಜೀವಂತ ಹುಳುವನ್ನು ಮೊದಲು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಸಡಿಲಗೊಳಿಸಿ, ತಲೆಯ ಹಿಂದೆ ಮೆಲ್ಲಗೆ ಒತ್ತಬೇಕು. ನೇರ ಫಾರ್ಮಲಿನ್‌ಗೆ ಬಿಟ್ಟರೆ ಮುದುಡುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ನಮ್ಮದು ಎರಡೂ ಆಗಿದೆ.

ಗೈಡಿನ ಕಥೆ ಇನ್ನೂ ಚೆನ್ನ. ನೀರೀಸ್ ಸೇರಿರುವ ಬಿರುಗೂದಲ ಹುಳುಗಳ ವರ್ಗ ಪಾಲಿಕೀಟಾದಲ್ಲಿ ಎರಡು ಗುಂಪು: ಅಲೆಯುವ ಎರಾಂಶಿಯಾ, ಕೂತಲ್ಲೇ ಕೂರುವ ಸೆಡೆಂಟೇರಿಯಾ. 1977ರಲ್ಲಿ ಹುಳುತಜ್ಞ ಫೌಚಾಲ್ಡ್ ಈ ವಿಭಜನೆಯನ್ನು ಕೈಬಿಟ್ಟರು. ಗೈಡು ನಿದ್ದೆಯಲ್ಲಿತ್ತು. 2011ರಲ್ಲಿ ವಂಶವಾಹಿಗಳ ಅಧ್ಯಯನ ಅದೇ ಹೆಸರುಗಳನ್ನು ಎಬ್ಬಿಸಿ ತಂದಿತು. ಗೈಡು ಮಗ್ಗುಲು ಬದಲಿಸದೆಯೇ ಅರ್ಧ ಅಪ್‌ಡೇಟ್ ಆಯಿತು! ಉಳಿದರ್ಧ ಏನೆಂದರೆ, ಹೊಸ ಲೆಕ್ಕದಲ್ಲಿ ಎರೆಹುಳು, ಜಿಗಣೆ ಎರಡೂ ಸೆಡೆಂಟೇರಿಯಾದ ಹೊಟ್ಟೆಯೊಳಗೇ ಇವೆ. ಪಾಲಿಕೀಟಾ ಅವುಗಳಿಗೆ ಸರಿಸಮನಾದ ಬೇರೆ ವರ್ಗ ಅಲ್ಲವೇ ಅಲ್ಲ. ರಕ್ತ ಹೀರುವುದು ಕೂತಲ್ಲೇ ಕೂರುವವರ ಪೈಕಿ ಎಂದರೆ ಒಂದು ಖಾತಾ ಬದಲಾವಣೆಗೆ ಅಲೆದವರು ಯಾರೂ ಬೆಚ್ಚುವುದಿಲ್ಲ ಬಿಡಿ.

ನಗು ಸಾಕು. ಒಂದೇ ಒಂದು ಪಾರಾಪೋಡಿಯಂ, ಅಂದರೆ ಹುಳುವಿನ ಪಕ್ಕದ ಕಾಲು, ಕತ್ತರಿಸಿ, ಸ್ಲೈಡಿನ ಮೇಲೆ ಗ್ಲಿಸರಿನ್ ಹನಿಯಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ, ಸೂಕ್ಷ್ಮದರ್ಶಕದ 10ರ ಲೆನ್ಸಿನಲ್ಲಿ ನೋಡಿದರೆ ಮೇಲಿನ ಕವಲು, ಕೆಳಗಿನ ಕವಲು, ಬಿರುಗೂದಲ ಗೊಂಚಲು, ಒಳಗೆ ಆಧಾರವಾಗಿ ನಿಂತ ಎರಡು ಕಪ್ಪು ಕಡ್ಡಿ ಎಲ್ಲ ಕಾಣುತ್ತವೆ. ಹತ್ತು ನಿಮಿಷದ ಕೆಲಸ. ಅದನ್ನೂ ತೋರಿಸದೆ ಮಕ್ಕಳಿಂದ ಗೈಡಿನ ಚಿತ್ರ ನಕಲು ಮಾಡಿಸಿ ಮಾರ್ಕ್ಸ್ ಹಂಚುತ್ತೀರಲ್ಲ, ಯಾರನ್ನು ಪಾಸು ಮಾಡುತ್ತಿದ್ದೀರಿ?

ಬಾಟಲಿ ತೆರೆಯಬಾರದಂತೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ‘ನೀರೀಸ್, 1 ನಗ’ ಎಂದಿದೆ, ಕತ್ತರಿ ಆಡಿಸಿದರೆ ಆಡಿಟ್‌ನವರು ಕೇಳುತ್ತಾರಂತೆ. ಹುಳುವನ್ನು ತೊಳೆದು 70 ಶೇಕಡಾ ಆಲ್ಕೋಹಾಲಿಗೆ ಹಾಕಿ, ಹೊಸ ಮುಚ್ಚಳ ಬಿಗಿಯಿರಿ. ರಿಜಿಸ್ಟರ್‌ನಲ್ಲಿ ಕೆಳಗೊಂದು ಸಾಲು ಸೇರಿಸಿ: ‘ಪಾರಾಪೋಡಿಯಂ ಸ್ಲೈಡ್, 1 ನಗ’. ಆಸ್ತಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.