ಸಮುದ್ರಕ್ಕೆ ಎಂಆರ್‌ಪಿ ಇಲ್ಲ ಸ್ವಾಮಿ

ಸಂಜೆ ಏಳರ ಹೊತ್ತಿಗೆ ಮಂಡ್ಯದ ಯಾವುದೇ ವೈನ್ ಶಾಪಿನ ಕಂಬಿ ಕಿಂಡಿಯ ಪಕ್ಕ ಹತ್ತು ನಿಮಿಷ ನಿಂತರೆ ಸಾಕು, ಗ್ರಾಹಕರ ಹಕ್ಕು ಅಂದರೇನು ಅಂತ ತಿಳಿಯುತ್ತದೆ.

"ಏನಣ್ಣೋ, ಬಾಟ್ಲಿ ಮೇಲೊಂದು ರೇಟ್ ಬರ್ದದೆ, ನೀನೊಂದು ಕೇಳ್ತಿದ್ದೀಯಲ್ಲ?"

"ಹತ್ರುಪಾಯಿ ಕೂಲಿಂಗ್ ಕಣಣ್ಣ."

"ಫ್ರಿಜ್ಜೂ ನಿಂದೆ, ಕರೆಂಟೂ ನಿಂದೆ, ದುಡ್ ಮಾತ್ರ ನಂದಾ? ಬಿಸೀದೇ ಕೊಡು, ಬಾವಿಗೆ ಇಳಿ ಬಿಟ್ಕತೀನಿ."

ಹೀಗೆ ಹತ್ತು ರೂಪಾಯಿಗೆ ಅಬಕಾರಿ ಇನ್‌ಸ್ಪೆಕ್ಟರನ್ನೇ ಕರೆಸುತ್ತೇನೆ ಅನ್ನುವ ಈ ಮಹಾನುಭಾವರೇ ಮಗನ ಒತ್ತಾಯಕ್ಕೋ ಷಷ್ಟ್ಯಬ್ದಿಯ ನೆಪಕ್ಕೋ ಮೈಸೂರಿನ ಟ್ರಾವೆಲ್ಸಿನವರ ಹತ್ತಿರ ಏಳು ರಾತ್ರಿಯ ಕ್ರೂಸ್ ಬುಕ್ ಮಾಡಿಸಿ, ಹಡಗು ಹತ್ತಿ, 355 ಎಂಎಲ್ ಬಿಯರಿಗೆ 8 ಡಾಲರ್, ಅದರ ಮೇಲೆ ಶೇ 18 ಟಿಪ್ಸ್ ಸೇರಿ 9.44 ಡಾಲರಿಗೆ ಕಾರ್ಡ್ ಉಜ್ಜಿ, 'ಥ್ಯಾಂಕ್ಯೂ' ಅಂತ ಬೇರೆ ಹೇಳುತ್ತಾರೆ. ಡಾಲರಿಗೆ 85 ರೂಪಾಯಿ ಹಿಡಿದರೆ ಒಂದು ಡಬ್ಬಿಗೆ 802 ರೂಪಾಯಿ. ಕೂಲಿಂಗ್ ಚಾರ್ಜ್ ಪ್ರತ್ಯೇಕ ಇಲ್ಲ, ನಿಜ.

ನೆಲದ ಮೇಲೆ ಎಣ್ಣೆ ದುಬಾರಿ ಆಗುವುದಕ್ಕೆ ಕಾರಣ ಹುಡುಕಬೇಕಿಲ್ಲ, ಸರ್ಕಾರವೇ ಬಜೆಟ್ಟಿನಲ್ಲಿ ಓದಿ ಹೇಳುತ್ತದೆ. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿ ಬರಿಸಿ, ಬಟ್ಟಿ ಇಳಿಸಿ, ಬಣ್ಣ ಸುವಾಸನೆ ಕೂಡಿಸಿ, ಮದ್ಯಸಾರ ಶೇ 42.8ಕ್ಕೆ ಇಳಿಯುವಂತೆ ನೀರು ಬೆರೆಸಿದರೆ ಅದೇ ವಿಸ್ಕಿ, ಅದೇ ರಮ್, ಲೇಬಲ್ ಅಂಟಿಸುವವನ ಇಷ್ಟ. ಮಾಲಿನ ಅಸಲು ಖರ್ಚು ಇಷ್ಟೇ ಇಷ್ಟು. ಆಮೇಲೆ ಅದು ಸರ್ಕಾರದ ಪಾನೀಯ ನಿಗಮದ ಡಿಪೋ ಹೊಕ್ಕು, ಅಬಕಾರಿ ಸುಂಕ, ಹೆಚ್ಚುವರಿ ಅಬಕಾರಿ ಸುಂಕ, ನಿಗಮದ ಪಾಲು, ಅಂಗಡಿಯವನ ಪಾಲು ಎಲ್ಲ ಹೊತ್ತುಕೊಂಡು ಹೊರಬರುತ್ತದೆ. ಬಿಯರ್ ಕಥೆ ಇನ್ನೂ ಚೆನ್ನ. 2023ರ ಜುಲೈ ಬಜೆಟ್ಟಿನಲ್ಲಿ ಅದರ ಹೆಚ್ಚುವರಿ ಸುಂಕ ಶೇ 175ರಿಂದ 185ಕ್ಕೆ ಹೋಯಿತು, ಅಷ್ಟಕ್ಕೇ ನಿಲ್ಲಲೂ ಇಲ್ಲ. ನಂಜನಗೂಡಿನ ಕಾರ್ಖಾನೆಯಲ್ಲಿ ತುಂಬಿದ ಬಾಟಲಿ ಪಕ್ಕದ ಮೈಸೂರಿಗೆ ಬರುವಷ್ಟರಲ್ಲಿ ಅದರೊಳಗೆ ಬಿಯರಿಗಿಂತ ತೆರಿಗೆಯೇ ಜಾಸ್ತಿ ತುಂಬಿರುತ್ತದೆ. ನೊರೆ ಬರುವುದು ಯಾವುದರಿಂದ ಅಂತ ಯಾರೂ ಪರೀಕ್ಷೆ ಮಾಡಿಸಿಲ್ಲ.

ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ನಡೆಯಿರಿ ಎನ್ನುತ್ತದೆ. ರಾಜ್ಯದಲ್ಲಿ ಮದ್ಯಪಾನ ಸಂಯಮ ಮಂಡಳಿಯೂ ಇದೆ. ಅದೇ ರಾಜ್ಯ ಅಬಕಾರಿ ಇಲಾಖೆಗೆ 2023–24ಕ್ಕೆ 36,000 ಕೋಟಿ, 2025–26ಕ್ಕೆ 40,000 ಕೋಟಿ ರೂಪಾಯಿಯ ಗುರಿ ಕೊಟ್ಟಿತು. ಮಂಡಳಿ ಸಂಯಮ ಬೋಧಿಸಬೇಕು, ಇಲಾಖೆ ಗುರಿ ಮುಟ್ಟಬೇಕು, ಕುಡುಕ ಇಬ್ಬರ ಮನಸ್ಸನ್ನೂ ನೋಯಿಸದಂತೆ ನಡೆಯಬೇಕು. ಎರಡನೆಯವರನ್ನು ನೋಯಿಸುವುದಿಲ್ಲ ಅನ್ನುವುದು ಸದ್ಯದ ಪರಿಸ್ಥಿತಿ.

ಹಾಗಿದ್ದ ಮೇಲೆ ಸುಂಕವೇ ಇಲ್ಲದ ಕಡೆ ಹೋದರೆ? ತೀರದಿಂದ 12 ನಾಟಿಕಲ್ ಮೈಲಿ, ಅಂದರೆ 22 ಕಿಲೋಮೀಟರ್ ಚಿಲ್ಲರೆ ದಾಟಿದರೆ ದೇಶದ ಪ್ರಾದೇಶಿಕ ಸಮುದ್ರ ಮುಗಿಯಿತು. ಮೈಸೂರಿನಿಂದ ನಂಜನಗೂಡಿಗೆ ಹೋದಷ್ಟು ದೂರ, ಹೆಚ್ಚುಕಡಿಮೆ. ಅಲ್ಲಿಂದಾಚೆಗೆ ಅಬಕಾರಿಯವರಿಲ್ಲ, ತೂಕ, ಅಳತೆ ನೋಡುವ ಕಾನೂನು ಮಾಪನದವರಿಲ್ಲ, ಎಲೆಕ್ಷನ್ನಿನ 48 ಗಂಟೆ ಬಂದ್ ಇಲ್ಲ, ಅಕ್ಟೋಬರ್ 2 ಕೂಡ ಬರೀ ಒಂದು ತಾರೀಖು. ದೇಶದಿಂದ ದೇಶಕ್ಕೆ ಹೋಗುವ ದೊಡ್ಡ ಹಡಗುಗಳು ಬಾರಿನ ಮಾಲನ್ನು ಸುಂಕ ಕಟ್ಟದೆಯೇ ಹಡಗಿನ ದಾಸ್ತಾನು ಅಂತ ತುಂಬಿಕೊಳ್ಳುತ್ತವೆ. ಹಾರುವುದು ಬಹಾಮಾಸ್ ಬಾವುಟವೋ ಪನಾಮಾ ಬಾವುಟವೋ. ಲೆಕ್ಕದ ಪ್ರಕಾರ ಭೂಲೋಕದಲ್ಲೇ ಅಗ್ಗದ ಪೆಗ್ಗು ಅಲ್ಲಿ ಸಿಗಬೇಕು.

ಸಿಗುವುದಿಲ್ಲ. ಸರ್ಕಾರ ಬಿಟ್ಟುಕೊಟ್ಟ ಜಾಗದಲ್ಲಿ ಹಡಗಿನ ಕಂಪನಿ ಚಾಪೆ ಹಾಸಿ ಕೂತಿರುತ್ತದೆ. ಟಿಕೆಟ್ ಅಗ್ಗ ಮಾಡಿ ಜನ ತುಂಬಿಸಿ, ಒಳಗೆ ಬಂದವರಿಂದ ಬಾರಿನಲ್ಲೂ ಕ್ಯಾಸಿನೋದಲ್ಲೂ ವಸೂಲು ಮಾಡುವುದೇ ಈ ಧಂದೆಯ ಕಸುಬುದಾರಿಕೆ. ನಡುಸಮುದ್ರದಲ್ಲಿ ಎದುರು ಅಂಗಡಿ ಇರುವುದಿಲ್ಲ ನೋಡಿ. ಮಂಡ್ಯದಲ್ಲಿ 'ಬೇಡ ಬಿಡು, ಸರ್ಕಾರಿ ಅಂಗಡಿ ಎಂಎಸ್‌ಐಎಲ್‌ನಲ್ಲಿ ತಗತೀನಿ' ಅಂದರೆ ಅಂಗಡಿಯವನ ಮುಖ ಬಾಡುತ್ತದೆ. ಹಡಗಿನಲ್ಲಿ ಹಾಗಂದರೆ ಈಜಬೇಕು. ಹಡಗು ಬಂದರಿನಲ್ಲಿ ನಿಂತಾಗ ಕೆಲವು ಕಡೆ ಊರಿನ ತೆರಿಗೆಯೂ ಬೀಳುತ್ತದೆ. ಸಮುದ್ರಕ್ಕೆ ಇಳಿದ ಮೇಲೆ ತೆರಿಗೆ ಬಿಡುತ್ತದೆ, ಬೆಲೆ ಬಿಡುವುದಿಲ್ಲ.

ಇಷ್ಟು ತಿಳಿದ ಬುದ್ಧಿವಂತ ಪ್ಯಾಕೇಜ್ ಕೊಳ್ಳುತ್ತಾನೆ. 'ದಿನಕ್ಕೆ ಇಷ್ಟು ಕಟ್ಟಿ, ಎಷ್ಟಾದರೂ ಕುಡಿಯಿರಿ.' ಬಫೆ ಊಟ ಕಂಡ ಮೈಸೂರಿಗನಿಗೆ ಇದಕ್ಕಿಂತ ಮಧುರವಾದ ವಾಕ್ಯ ಇನ್ನೊಂದಿಲ್ಲ. ಕೂತು ಲೆಕ್ಕ ಹಾಕೋಣ. ಪ್ಯಾಕೇಜ್ ದಿನಕ್ಕೆ 70 ಡಾಲರ್ ಇದ್ದರೆ ಶೇ 18 ಟಿಪ್ಸ್ ಸೇರಿ 82.60. ರೂಪಾಯಿಯಲ್ಲಿ 7,021. ಬಿಡಿಯಾಗಿ ಕೊಂಡರೆ ಕಾಕ್‌ಟೇಲ್ 13 ಡಾಲರ್, ಟಿಪ್ಸ್ ಸೇರಿ 15.34. ಐದು ಕುಡಿದರೆ 76.70, ಅಂದರೆ ಇನ್ನೂ ನಷ್ಟ. ಆರನೆಯದಕ್ಕೆ 92.04, ಈಗ ಲಾಭ. ಲಾಭ ಎಷ್ಟು? 9.44 ಡಾಲರ್. ಮೇಲೆ ಹೇಳಿದ ಆ ಒಂದು ಡಬ್ಬಿ ಬಿಯರ್.

ಇನ್ನು ಅಳತೆ. ಅಮೆರಿಕದ ಕಡೆಯ ಹಡಗಿನಲ್ಲಿ ಒಂದು ಡ್ರಿಂಕಿಗೆ ಹುಯ್ಯುವುದು ಒಂದೂವರೆ ಔನ್ಸ್, 44 ಎಂಎಲ್. ಆರು ಡ್ರಿಂಕಿಗೆ 264 ಎಂಎಲ್. ನಮ್ಮ ಭಾಷೆಯಲ್ಲಿ, 180 ಎಂಎಲ್‌ನ ಕ್ವಾಟ್ರು ಲೆಕ್ಕದಲ್ಲಿ, ಒಂದೂವರೆ ಕ್ವಾಟ್ರು, ಅದರಲ್ಲೂ 6 ಎಂಎಲ್ ಕಮ್ಮಿ. ಒಂದೂವರೆ ಕ್ವಾಟ್ರಿಗೆ 7,021 ರೂಪಾಯಿ ಕೊಟ್ಟು ದುಡ್ಡು ವಸೂಲಾಯಿತು ಅಂತ ಮೀಸೆ ತಿರುವುವವನ ಮುಂದೆ ಕೂಲಿಂಗ್ ಚಾರ್ಜಿನ ಆ ಹುಡುಗ ಸಾಕ್ಷಾತ್ ಧರ್ಮರಾಯ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಹಲವು ಕಂಪನಿಗಳ ನಿಯಮ ಏನೆಂದರೆ, ಒಂದು ಕ್ಯಾಬಿನ್ನಿನಲ್ಲಿ ಒಬ್ಬ ಪ್ಯಾಕೇಜ್ ತಗೊಂಡರೆ ಅದೇ ಕ್ಯಾಬಿನ್ನಿನ ಇನ್ನೊಬ್ಬ ವಯಸ್ಕರೂ ತಗೋಬೇಕು. ಒಬ್ಬರ ಕಾರ್ಡಿನಲ್ಲಿ ಇಬ್ಬರು ಹಂಚಿಕೊಂಡು ಕುಡಿಯಬಾರದು ಅಂತ. ಈಗ ಗೌಡರ ಪಕ್ಕದ ಹಾಸಿಗೆಯಲ್ಲಿ ಯಾರಿದ್ದಾರೆ? ಗೌಡತಿ. ಅವರು ಶ್ರಾವಣದಲ್ಲಿ ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದವರು. ಅವರ ಹೆಸರಿನಲ್ಲೂ ದಿನಕ್ಕೆ 7,021. ಏಳು ದಿನಕ್ಕೆ ಇಬ್ಬರದೂ ಸೇರಿ 98,294. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಶೇ 3.5, ಅದರ ಮೇಲೆ ಜಿಎಸ್‌ಟಿ, ಅಲ್ಲಿಗೆ ಇನ್ನೊಂದು 4,060. ಎಣ್ಣೆಗೆ ಜಿಎಸ್‌ಟಿ ಇಲ್ಲ ಅಂತ ಮಾತ್ರ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ, ಅದು ಹೀಗೆ ಹಿಂಬಾಗಿಲಿನಿಂದ ಬಂದು ನಮಸ್ಕಾರ ಹೇಳಿ ಹೋಗುತ್ತದೆ.

ಹೆಂಡತಿಯ ಪಾಲಿನದನ್ನೂ ತಾನೇ ವಸೂಲು ಮಾಡುತ್ತೇನೆ ಅಂತ ಗೌಡರು ಹೊರಟರೆ ದಿನಕ್ಕೆ ಹನ್ನೊಂದು ಕಾಕ್‌ಟೇಲ್ ಆಗಬೇಕು. ಕಾರ್ನಿವಲ್ ಕಂಪನಿಯ 'ಚಿಯರ್ಸ್' ಪ್ಯಾಕೇಜಿನಲ್ಲಿ ಅದಕ್ಕೂ ಜಾಗವಿದೆ. 24 ಗಂಟೆಗೆ 15 ಡ್ರಿಂಕ್ ಮಿತಿ, ಒಂದರಿಂದ ಇನ್ನೊಂದಕ್ಕೆ ಐದು ನಿಮಿಷ ಅಂತರ. ಹದಿನೈದನ್ನೂ ಮುಗಿಸಿದವನ ಹೊಟ್ಟೆಗೆ ಹೋದದ್ದು 660 ಎಂಎಲ್. 750 ಎಂಎಲ್‌ನ ಫುಲ್ ಬಾಟಲಿಗೆ ಸರಿಯಾಗಿ ಒಂದು ನೈಂಟಿ ಕಮ್ಮಿ. ಅಲ್ಲಿಗೆ ನಿಲ್ಲಿಸಿ, ಆರೋಗ್ಯ ನೋಡಿಕೊಳ್ಳಿ ಅಂತ. ಸಂಯಮ ಮಂಡಳಿಗೆ ಶಾಖೆ ತೆರೆಯಲು ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ.

ಸಣ್ಣ ಅಕ್ಷರದಲ್ಲಿ ಇನ್ನೂ ಇವೆ. ಪ್ಯಾಕೇಜ್ ತಗೊಂಡರೆ ಇಡೀ ಪ್ರಯಾಣಕ್ಕೆ ತಗೋಬೇಕು, ನಾಳೆ ಏಕಾದಶಿ ಅಂತ ಒಂದು ದಿನ ಬಿಡುವ ಹಾಗಿಲ್ಲ. ಹಡಗು ಬಂದರಿನಲ್ಲಿ ಎಂಟು ಗಂಟೆ ನಿಂತು ನೀವು ಊರು ಸುತ್ತುತ್ತಿದ್ದರೂ ಮೀಟರ್ ಓಡುತ್ತಿರುತ್ತದೆ. ಒಂದು ಡ್ರಿಂಕಿಗೆ ಇಷ್ಟು ಡಾಲರ್‌ವರೆಗೆ ಮಾತ್ರ ಅಂತ ಮಿತಿ ಇರುತ್ತದೆ, ಒಳ್ಳೆ ಸಿಂಗಲ್ ಮಾಲ್ಟ್ ಯಾವಾಗಲೂ ಆ ಗೆರೆಯ ಆಚೆಗೇ ಇರುತ್ತದೆ. ಹಡಗು ಹತ್ತುವ ಮೊದಲೇ ಆನ್‌ಲೈನಿನಲ್ಲಿ ಕೊಂಡರೆ ಸಾಮಾನ್ಯವಾಗಿ ಅಗ್ಗ. ಕುಡಿದ ಮೇಲೆ ಯಾರೂ ಚೌಕಾಸಿ ಮಾಡುವುದಿಲ್ಲ ಅಂತ ಅವರಿಗೆ ಗೊತ್ತು.

ಬಿಲ್ಲು ಬಂದಾಗ ಹತ್ತಿರದಿಂದ ನೋಡಬೇಕು. ಡ್ರಿಂಕಿನ ಬೆಲೆ ಒಂದು ಸಾಲು. ಅದರ ಕೆಳಗೆ ಶೇ 18 ಸೇವಾ ಶುಲ್ಕ, ಅವರೇ ಹಾಕಿಕೊಂಡದ್ದು. ಅದರ ಕೆಳಗೆ ಮೊತ್ತ. ಅದರ ಕೆಳಗೆ, ಸಹಿಗೆ ಮುಂಚೆ, ಒಂದು ಖಾಲಿ ಗೆರೆ: ಹೆಚ್ಚುವರಿ ಟಿಪ್ಸ್. ಮೊದಲ ದಿನ ಕನ್ನಡಕ ಮರೆತು ಬಂದವರು ಅದು ಹೆಸರು ಬರೆಯುವ ಜಾಗ ಅಂದುಕೊಂಡು ಕ್ಯಾಬಿನ್ ನಂಬರ್ ಬರೆದುಬಿಟ್ಟರೆ ಮುಗಿಯಿತು. ನಮ್ಮ ಬಾರಿನ ಸೋಂಪಿನ ತಟ್ಟೆಯಲ್ಲಿ ಇಂಥ ಅಪಾಯವಿಲ್ಲ. ಅಲ್ಲಿ ಸಪ್ಲೈಯರ್ ಹತ್ತಿರವೇ ನಿಂತಿರುತ್ತಾನೆ, ಸೋಂಪಿನ ಕೆಳಗೆ ಎಷ್ಟಿದೆ ಅನ್ನುವುದನ್ನು ಮುಟ್ಟದೆಯೇ ಎಣಿಸುತ್ತಾನೆ.

ನೆಲದ ಬಾರಿನವರು ಸತ್ಯಹರಿಶ್ಚಂದ್ರರು ಅಂತಲ್ಲ. 750 ಎಂಎಲ್ ಬಾಟಲಿಯಲ್ಲಿ 60ರ ಪೆಗ್ಗು ಹನ್ನೆರಡೂವರೆ ಬರಬೇಕು. ಹದಿನಾಲ್ಕು ಬರಿಸುವ ಕೈಗಳಿವೆ. ಮಾಡುವುದು ಹೇಗೆಂದರೆ, ಮೊದಲು ಗ್ಲಾಸಿಗೆ ಐಸ್ ತುಂಬುವುದು, 60ರ ಅಳತೆ ಬಿಟ್ಟು 30ರದ್ದನ್ನು ಎರಡು ಸಲ ಎತ್ತುವುದು, ಎರಡು ಸಲವೂ ಅಂಚಿಗೆ ಬರುವ ಮುಂಚೆಯೇ ಬಾಗಿಸಿಬಿಡುವುದು. ಸಲಕ್ಕೆ 3 ಎಂಎಲ್ ಉಳಿದರೂ ಪೆಗ್ಗಿಗೆ 6 ಆಯಿತು. ಮಂಡ್ಯದವರು ಇದಕ್ಕೆ ಮದ್ದು ಕಂಡುಕೊಂಡು ಬಹಳ ವರ್ಷವಾಯಿತು: "ಪೆಗ್ಗು ಗಿಗ್ಗು ಬ್ಯಾಡ, ಕ್ವಾಟ್ರು ಬಾಟ್ಲೇ ತತ್ತಾ, ನನ್ ಮುಂದೇನೇ ಮುಚ್ಚಳ ತಿರುಗ್ಸು." ಮುಚ್ಚಳ ಕಟಕ್ ಅಂದರೆ 180ಕ್ಕೆ 180. ಹಡಗಿನಲ್ಲಿ ಈ ಕಟಕ್ ಶಬ್ದ ಕೇಳುವ ಭಾಗ್ಯವಿಲ್ಲ. ಬಾಟಲಿ ಅವರ ಕೈಯಲ್ಲಿ, ಛತ್ರಿ ಸಿಕ್ಕಿಸಿದ ಗ್ಲಾಸು ನಿಮ್ಮ ಕೈಯಲ್ಲಿ.

ಒಂದು ವಿಷಯಕ್ಕೆ ಹಡಗನ್ನು ಮೆಚ್ಚಬೇಕು, ತಿನ್ನುವುದು ಪುಕ್ಕಟೆ. ನಮ್ಮಲ್ಲಿ ಎಣ್ಣೆಗಿಂತ ನೆಂಚಿಕೊಳ್ಳುವುದೇ ಬಿಲ್ಲು ಏರಿಸುವುದು. ಬೋಟಿ ಫ್ರೈ, ಮಟನ್ ಚಾಪ್ಸ್, ಎರಡು ಬೇಯಿಸಿದ ಮೊಟ್ಟೆ ಅನ್ನುತ್ತಾ ಹೋದರೆ ಕುಡಿದದ್ದು ಒಂದು ಪಾಲು, ತಿಂದದ್ದು ಎರಡು ಪಾಲು. ಅಲ್ಲಿ ಮೂರು ಹೊತ್ತು ಬಫೆ ಟಿಕೆಟ್ಟಿನಲ್ಲೇ ಸೇರಿದೆ. ಬೋಟಿ ಇರುವುದಿಲ್ಲ ಅಷ್ಟೇ.

ಕದ್ದು ಒಯ್ಯುವ ಯೋಚನೆ ಎಲ್ಲರಿಗೂ ಬರುತ್ತದೆ. ಮದುವೆ ಛತ್ರದ ಹಿಂದೆ ಕಾರಿನ ಡಿಕ್ಕಿ ತೆಗೆದು ಮೂವತ್ತು ಜನಕ್ಕೆ ಬಾರ್ ನಡೆಸುವ ಜಿಲ್ಲೆಯವರಿಗೆ ಇದೇನು ಮಹಾ. ಆದರೆ ಹಡಗಿಗೆ ಹೋಗುವ ಸೂಟ್‌ಕೇಸು ಎಕ್ಸ್‌ರೇ ದಾಟಬೇಕು, ಮತ್ತು ಬಾಟಲಿ ಗಾಜಿನದಲ್ಲದಿದ್ದರೂ ಎಕ್ಸ್‌ರೇಗೆ ಒಳಗಿನ ದ್ರವ ಕಾಣುತ್ತದೆ. ಟೆಟ್ರಾ ಪ್ಯಾಕನ್ನು ಪಂಚೆಯಲ್ಲಿ ಸುತ್ತಿದರೂ ಅಷ್ಟೇ. ಬಾಯಿ ಮುಕ್ಕಳಿಸುವ ಔಷಧಿಯ ಬಾಟಲಿಗೆ ವೋಡ್ಕಾ ತುಂಬಿ ಹಸಿರು ಬಣ್ಣ ಹಾಕುವುದು ಹಳೆಯ ವಿದ್ಯೆ. ಎಷ್ಟು ತೊಳೆದರೂ ಪುದೀನ ವಾಸನೆ ಹೋಗದೆ, ಕೊನೆಗೆ ಕುಡಿದಂತೆಯೂ ಆಗುವುದಿಲ್ಲ, ಹಲ್ಲುಜ್ಜಿದಂತೆಯೂ ಆಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಹೊಲಿಗೆ ಬಿಟ್ಟು ರೇಷ್ಮೆ ಸೀರೆಗೆ ರಮ್ ಅಭಿಷೇಕ. ನ್ಯಾಯವಾಗಿ ಬಿಡುವುದು, ಅದೂ ಕೆಲವು ಕಂಪನಿಗಳಲ್ಲಿ, ಹತ್ತುವ ದಿನ ಒಬ್ಬರಿಗೆ 750 ಎಂಎಲ್‌ನ ಒಂದು ವೈನ್ ಬಾಟಲಿ. ಅದನ್ನು ಊಟದ ಹಾಲಿಗೆ ಒಯ್ದರೆ ಬಿರಡೆ ತೆಗೆದದ್ದಕ್ಕೆ ಚಾರ್ಜು.

ಹಡಗಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಲೀಟರ್ ಬಾಟಲಿ ಅಗ್ಗಕ್ಕೇ ಸಿಗುತ್ತದೆ. ದುಡ್ಡು ಕಟ್ಟಿಸಿಕೊಂಡು, ರಸೀದಿ ಕೊಟ್ಟು, ಬಾಟಲಿಯನ್ನು ಒಳಗಿಟ್ಟು, ಕೊನೆಯ ರಾತ್ರಿ ಕೊಡುತ್ತಾರೆ. ಅಲ್ಲಿಯವರೆಗೆ ಅದು ಕನ್ನಡಿಯೊಳಗಿನ ಗಂಟು.

ಇದನ್ನೆಲ್ಲ ಕೇಳಿದ ಮೇಲೆ, ನಮ್ಮಲ್ಲೇ ಒಂದು ಹಡಗು ಬಿಟ್ಟರೆ ಏನು ಅಂತ ಮೈಸೂರಿನ ಪಾರ್ಕ್ ಬೆಂಚಿನ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಆರ್‌ಎಸ್ ಹಿನ್ನೀರು ಇದೆಯಲ್ಲ. ಎಂಆರ್‌ಪಿ ರೇಟು, ಬಾಡೂಟ, ಗೌಡತಿಗೆ ಬಲವಂತದ ಪ್ಯಾಕೇಜ್ ಇಲ್ಲ. ತೊಡಕು ಒಂದೇ. ಇಲ್ಲಿ ನಾಟಿಕಲ್ ಮೈಲಿ ನಡೆಯುವುದಿಲ್ಲ, ಮೀಟರ್ ನಡೆಯುತ್ತದೆ. ದೇವಸ್ಥಾನ, ಶಾಲೆಗಳಿಂದ 100 ಮೀಟರ್ ಒಳಗೆ ಮದ್ಯದ ಸನ್ನದು ಕೊಡುವಂತಿಲ್ಲ, ಹಿನ್ನೀರಿನ ದಡದಲ್ಲಿ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಕೂತಿದ್ದಾನೆ. ಅಣೆಕಟ್ಟೆ 124.80 ಅಡಿ ತುಂಬಿದ ದಿನ ನೀರು ಗುಡಿಯ ಹತ್ತಿರಕ್ಕೆ ಬರುತ್ತದೆ, ನೀರಿನ ಜೊತೆ ಬಾರೂ ಬರುತ್ತದೆ, ಬಂದ್. ನೀರು ಇಳಿದಾಗ ಬಾರು ದೂರ ಸರಿಯುತ್ತದೆ, ಓಪನ್. ಬೇಸಿಗೆಯಲ್ಲಿ ಕೆಸರಿಗೆ ಕಚ್ಚಿಕೊಂಡು ಕೂತರೆ ಅದು ಹಡಗಲ್ಲ, ಕಟ್ಟಡ, ಬಾರಿನ ಸಿಎಲ್-9 ಸನ್ನದು ಬೇಕು ಅನ್ನುತ್ತಾರೆ. ಅಷ್ಟರಲ್ಲಿ ಅಬಕಾರಿ ಇನ್‌ಸ್ಪೆಕ್ಟರು ಪ್ಯಾಂಟು ಮೊಣಕಾಲಿಗೆ ಮಡಚಿ, ಟೇಪಿನ ಒಂದು ತುದಿಯನ್ನು ಗುಡಿಯ ಬಾಗಿಲಲ್ಲಿ ಪೂಜಾರಿಯ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ನೀರಿಗಿಳಿದಿರುತ್ತಾರೆ. "ಬಿಗಿಯಾಗಿ ಹಿಡ್ಕಳಿ ಸ್ವಾಮಿ, ತೊಂಬತ್ತೆಂಟು ಬಂತು."