ತೊಗರಿ ಹೊಲದಲ್ಲಿ ಹಾಸಿಗೆ

ತನ್ನ ಮನಸ್ಸಿಗೆ ಬಂದದ್ದನ್ನು ಬರೆದರೆ ಬಿಡಿಗಾಸೂ ಹುಟ್ಟುವುದಿಲ್ಲ, ಇನ್ನೊಬ್ಬರ ಮನಸ್ಸಿಗೆ ಬಂದದ್ದನ್ನು ತನ್ನದೆಂದು ಬರೆದರೆ ಹುಟ್ಟುತ್ತದೆ. ಪ್ರಾಯೋಜಿತ ಬರಹ ಎಂಬ ಈ ಜ್ಞಾನೋದಯ ಕಲಬುರಗಿಗೂ ಆಗಿದೆ.

ನಮ್ಮ ಬಡಾವಣೆಯ ತರುಣನೊಬ್ಬ ತನ್ನ ಜಾಲತಾಣದಲ್ಲಿ ತೊಗರಿಯ ನೆಟೆ ರೋಗದ ಬಗ್ಗೆ ಶ್ರದ್ಧೆಯಿಂದ ಬರೆಯುತ್ತಿದ್ದ. ಮಣ್ಣಿನೊಳಗಿನ ಶಿಲೀಂಧ್ರ ಬೇರಿಗೆ ಹತ್ತಿ, ಹೂವಾಡುವ ಹೊತ್ತಿಗೆ ಗಿಡವನ್ನು ನಿಂತಲ್ಲೇ ಒಣಗಿಸುವ ಬಗೆ, ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಲೇಪನ, ಜೋಳ ಹಾಕಿ ಬೆಳೆ ಬದಲಿಸುವುದು, ರೋಗ ತಡೆಯುವ ಟಿಎಸ್-3ಆರ್ ತಳಿ, ಎಲ್ಲವೂ ಅಲ್ಲಿತ್ತು. ರೈತರು ಫೋನ್ ಮಾಡಿ ಮತ್ತಷ್ಟು ಕೇಳುತ್ತಿದ್ದರು. ಹಣದ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ದೂರದ ಊರಿನ ಏಜೆನ್ಸಿಯೊಂದರಿಂದ ಇಮೇಲ್ ಬಂತು. "ಗೌರವಾನ್ವಿತರೇ, ನಾನು ನಿಮ್ಮ ಬರಹಗಳ ದೊಡ್ಡ ಅಭಿಮಾನಿ. ನಿಮ್ಮ ಫ್ಯಾಷನ್ ಜಾಲತಾಣ ನಮಗೆ ಬಹಳ ಹಿಡಿಸಿತು." ತೊಗರಿ ಎಲ್ಲಿ, ಫ್ಯಾಷನ್ ಎಲ್ಲಿ ಎಂದು ದುಡ್ಡು ಕೊಡುವವರನ್ನು ಕೇಳಬಾರದು. ಕೆಲಸ ಸುಲಭ: ಯಾವುದಾದರೂ ಹಳೆಯ ಲೇಖನದೊಳಗೆ ಹಾಸಿಗೆ ಮಾರುವ ಕಂಪನಿಯ ಕೊಂಡಿ (ಲಿಂಕ್) ಸೇರಿಸಬೇಕು. "ಬೆಂಗಳೂರಿನಲ್ಲಿ ಅಗ್ಗದ ಹಾಸಿಗೆ" ಎಂಬ ಮೂರು ಪದಗಳು, ಒಂದಕ್ಷರವೂ ಕದಲದಂತೆ, ಮೂರು ಸಲ ಬರಬೇಕು.

ಹುಡುಗ ಪ್ರತಿಭಾವಂತ. ಮರುದಿನವೇ ನೆಟೆ ರೋಗದ ಲೇಖನದ ನಡುವೆ ಹೊಸ ಸಾಲು ಮೊಳೆಯಿತು: "ರೋಗ ಕಂಡ ಗಿಡಗಳನ್ನು ಬೇರುಸಹಿತ ಕಿತ್ತು ಸುಡಬೇಕು. ಈ ಚಿಂತೆಯಲ್ಲಿ ರೈತರಿಗೆ ನಿದ್ದೆ ಬಾರದಿರುವುದು ಸಹಜ. ಅಂಥವರು ಬೆಂಗಳೂರಿನಲ್ಲಿ ಅಗ್ಗದ ಹಾಸಿಗೆ ಹುಡುಕಬಹುದು." ಅಫಜಲಪುರದ ರೈತ ಹೊಲ ಬಿಟ್ಟು ರೈಲು ಹತ್ತಿ ಬೆಂಗಳೂರಿಗೆ ಹೋಗಿ ಮಲಗಬೇಕು!

ರೈತ ಹೋಗಲಿ, ಬಿಡಲಿ, ಏಜೆನ್ಸಿಗೆ ಚಿಂತೆಯಿಲ್ಲ. ಆ ಸಾಲು ಬರೆದದ್ದು ಮನುಷ್ಯರಿಗಾಗಿ ಅಲ್ಲ, ಗೂಗಲ್‌ನ ಯಂತ್ರಕ್ಕಾಗಿ. ನಾಲ್ಕು ಕಡೆ ಕೊಂಡಿ ಕಂಡರೆ ಕಂಪನಿಯದು ದೊಡ್ಡ ಹೆಸರೆಂದು ಯಂತ್ರ ನಂಬಿ ಹುಡುಕಾಟದಲ್ಲಿ ಮೇಲೆ ತೋರಿಸಲಿ ಎಂಬ ಆಸೆ. ದುಡ್ಡು ಪಡೆದು ಹಾಕಿದ ಕೊಂಡಿಗೆ ಒಳಗಿನ ಕೋಡ್‌ನಲ್ಲಿ ಪ್ರಾಯೋಜಿತ ಎಂಬ ಗುರುತು ಹಾಕಿ ಎಂದು ಗೂಗಲ್ 2019ರಲ್ಲೇ ಹೇಳಿದೆ. ಗುರುತು ಹಾಕಿದರೆ ಯಂತ್ರದ ಕಣ್ಣಲ್ಲಿ ಕೊಂಡಿಯ ಬೆಲೆ ಕುಗ್ಗಿ, ದರವೂ ಇಳಿಯುತ್ತದೆ. ಅಂದರೆ ಸಂಭಾವನೆ ಬರೆದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ.

ತಹರಿ ಎಂಬ ಮಸಾಲೆ ಅನ್ನ ತಿಂದು ಬರೆಯುವವರದು ಇನ್ನೊಂದು ಪಂಗಡ. ಹೋಟೆಲಿನಲ್ಲಿ ಪುಕ್ಕಟೆ ಊಟ, ಮನೆಗೊಂದು ಪಾರ್ಸೆಲ್, ರಾತ್ರಿ "ನನ್ನ ಪ್ರಾಮಾಣಿಕ ಅಭಿಪ್ರಾಯ". ಅನ್ನದ ಋಣ ತೀರಿಸುವ ಈ ನಿಷ್ಠೆಗೆ ತಲೆಬಾಗಲೇಬೇಕು. ಆದಾಯ ತೆರಿಗೆಯವರು 2022ರ ಜುಲೈಯಿಂದ, ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಲಾಭದ ಮೇಲೆ ಕೊಡುವವರೇ ಶೇ 10ರಷ್ಟು ತೆರಿಗೆ ಮುರಿದುಕೊಳ್ಳಬೇಕು ಎಂದರು. ಹೊಗಳಿ ಬರೆಯಲೆಂದು ಕೊಟ್ಟ ಮೊಬೈಲ್ ಹಿಂದಿರುಗಿಸಿದರೆ ತೆರಿಗೆಯಿಲ್ಲ, ಇಟ್ಟುಕೊಂಡರೆ ಇದೆ. ತಹರಿಯನ್ನು ಹಿಂದಿರುಗಿಸುವ ಬಗೆ ಹೇಗೆಂದು ನಿಯಮದಲ್ಲಿ ಹೇಳಿಲ್ಲ.

ಕಾನೂನು ಸುಮ್ಮನಿದೆ ಎಂದಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಜಾಹೀರಾತೆಂಬ ಸೂಚನೆ ಬರಹದ ಭಾಷೆಯಲ್ಲೇ ಇರಬೇಕು, ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿರಬಾರದು ಎಂದು 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ತಿಳಿಸಿತು. ನಮ್ಮವರು ಅಕ್ಷರಶಃ ಪಾಲಿಸುತ್ತಿದ್ದಾರೆ: ಬರಹವೆಲ್ಲ ಅಚ್ಚಗನ್ನಡ, ಕೋಟೆ, ಬುದ್ಧ ವಿಹಾರ, ಶರಣಬಸವೇಶ್ವರರ ಜಾತ್ರೆಯ ಹ್ಯಾಷ್‌ಟ್ಯಾಗ್‌ಗಳೆಲ್ಲ ಮುಗಿದ ಮೇಲೆ, ಕೊಟ್ಟಕೊನೆಯಲ್ಲಿ, ಇರುವೆ ಗಾತ್ರದ ಇಂಗ್ಲಿಷ್‌ನಲ್ಲಿ ಎರಡಕ್ಷರ: "ad".

ಹಾಸಿಗೆಯ ಹಣ ಮಾತ್ರ ಇನ್ನೂ ಬಂದಿಲ್ಲ. ಲೇಖನದಲ್ಲಿ "ರೋಗ", "ಒಣಗು", "ಸುಡಬೇಕು" ಎಂಬ ಪದಗಳಿದ್ದು, ಇವು ಕಂಪನಿಯ ವರ್ಚಸ್ಸಿಗೆ ಒಪ್ಪುವುದಿಲ್ಲ, ಬದಲಿಸಿದರೆ ನಲವತ್ತೈದು ದಿನದಲ್ಲಿ ಪಾವತಿ ಎಂದು ಏಜೆನ್ಸಿ ತಿಳಿಸಿದೆ. ಹುಡುಗ ಬದಲಿಸಿದ್ದಾನೆ. ನೆಟೆ ರೋಗದ ಲೇಖನಕ್ಕೆ ಈಗಿರುವ ಶೀರ್ಷಿಕೆ: "ತೊಗರಿ ಗಿಡಗಳ ನೆಮ್ಮದಿಯ ವಿಶ್ರಾಂತಿ".