ಹೆಸರು ಅಲ್ಲೇ ಉಳಿಯಿತು, ಕೆಲಸ ಬೇರೆ ಕಡೆ ಹೋಯಿತು

ದಾಖಲೆ ಬರೆಯೋ ಉಚಿತ ತಂತ್ರಾಂಶ ಓಪನ್‌ಆಫೀಸ್‌ನಲ್ಲಿ ಡಾಕ್ಸ್ ಫೈಲ್ (ಈಗಿನ ವರ್ಡ್ ಫೈಲ್) ತೆರೆಯುತ್ತೆ, ತಿದ್ದಲೂಬಹುದು. ಸೇವ್ ಮಾಡಲು ಹೋದರೆ ಪಟ್ಟಿಯಲ್ಲಿ ಹಳೇ ಡಾಕ್ ಇದೆ, ಡಾಕ್ಸ್ ಇಲ್ಲ! ಆದರೂ ಜನ ಇನ್ನೂ ಅದನ್ನೇ ಇಳಿಸಿಕೊಳ್ಳುತ್ತಾರೆ, ಹೆಸರು ಪರಿಚಿತ ಅಂತ. ಹೊಟ್ಟೆ ಉರಿಯೋದು ಇದಕ್ಕೇ.

2010ರ ಜನವರಿಯಲ್ಲಿ ಒರಾಕಲ್ ಕಂಪನಿ ಓಪನ್‌ಆಫೀಸ್ ನಡೆಸುತ್ತಿದ್ದ ಸನ್ ಕಂಪನಿಯನ್ನು ಕೊಂಡಾಗ ಆ ಹೆಸರೂ ಒರಾಕಲ್ ಪಾಲಾಯಿತು. ಸೆಪ್ಟೆಂಬರಿನಲ್ಲಿ ಡೆವಲಪರುಗಳು ಕೋಡ್ ಹೊತ್ತು ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಮುಕ್ತ ಲೈಸೆನ್ಸ್ ಕೋಡನ್ನು ಕೊಡುತ್ತೆ, ಟ್ರೇಡ್‌ಮಾರ್ಕ್ ಅಂದರೆ ಹೆಸರಿನ ಹಕ್ಕನ್ನು ಕೊಡಲ್ಲ; ಅದಕ್ಕೇ ಹೊಸ ಹೆಸರು. 2011ರಲ್ಲಿ ಒರಾಕಲ್ ಆ ಹೆಸರನ್ನು ಅಪಾಚೆ ಎಂಬ ತಂತ್ರಾಂಶ ಸಂಸ್ಥೆಗೆ ದಾಟಿಸಿತು, 2014ರ 4.1 ಆವೃತ್ತಿ ಆದಮೇಲೆ ಬಂದಿದ್ದೆಲ್ಲ ಸಣ್ಣಪುಟ್ಟ ರಿಪೇರಿ. ಅಪಾಚೆ ಲೈಸೆನ್ಸಿನ ಕೋಡನ್ನು ಲಿಬ್ರೆಆಫೀಸ್ ಬಳಸಬಹುದು, ಆದರೆ ಲಿಬ್ರೆಆಫೀಸಿನ ಲೈಸೆನ್ಸ್ ಬೇರೆ, ಹಾಗಾಗಿ ಅದರ ಸುಧಾರಣೆಗಳನ್ನು ಅಪಾಚೆಯವರು ಹಾಗೇ ಎತ್ತಿಕೊಳ್ಳುವಂತಿಲ್ಲ.

ದಯವಿಟ್ಟು ಹಳೆಯದನ್ನು ತೆಗೆದು ಲಿಬ್ರೆಆಫೀಸ್ ಹಾಕಿಕೊಳ್ಳಿ. ಓಪನ್‌ಆಫೀಸ್‌ನಲ್ಲಿ ಉಳಿಸಿದ ನಿಮ್ಮ ಓಡಿಟಿ ಫೈಲುಗಳು ಅದರಲ್ಲೂ ತೆರೆಯುತ್ತವೆ.